ಜಪಾನಿನ ಬೆಟ್ಟದ ಜನ: ದೆವ್ವಗಳಾ, ಬೇರೆ ಜನಾಂಗವಾ, ಮನುಷ್ಯರಾ?

ಓದುಗರೊಬ್ಬರ ಪ್ರಶ್ನೆ: ಮೇಡಂ, ಜಪಾನಿನ ಅನಿಮೆಗಳಲ್ಲಿ, ಜನಪದ ಕಥೆಗಳಲ್ಲಿ ಬೆಟ್ಟದಲ್ಲಿ ಇರುವ ತುಂಬಾ ಎತ್ತರದ ಗಂಡಸು, ಉದ್ದ ಕೂದಲಿನ ಹೆಂಗಸು, ಮನುಷ್ಯರನ್ನು ತಿನ್ನುವ ಮುದುಕಿ ಆಗಾಗ ಬರುತ್ತಾರೆ. ಇವರೆಲ್ಲ ದೆವ್ವಗಳಾ? ಯೇತಿ ಥರದ ಪ್ರಾಣಿಗಳಾ? ಇಲ್ಲಾ ಜಪಾನಿನ ಕಾಡಿನಲ್ಲಿ ನಿಜವಾಗಿಯೂ ಬೇರೆ ಒಂದು ಜನಾಂಗ ಇತ್ತಾ? ಒಂದೊಂದು ಕಡೆ ಒಂದೊಂದು ಥರ ಓದಿ ತಲೆ ಕೆಟ್ಟಿದೆ. ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಉತ್ತರ:

ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಹೊರಗಿನವರಿಗೆ ಗೊತ್ತಾಗದ ಹಾಗೆ ಬೆಟ್ಟದಲ್ಲಿ ಬದುಕುತ್ತಿದ್ದ ಬೇರೆ ಜನಾಂಗ ಇತ್ತು ಅನ್ನುವುದಕ್ಕೆ ಆಧಾರ ಇಲ್ಲ. ಯೇತಿಯೂ ಅಲ್ಲ. ಹಾಗಂತ ಸುಮ್ನೆ ಕಟ್ಟಿದ ಕಥೆ ಅಂತ ತಳ್ಳಿಹಾಕಲೂ ಆಗುವುದಿಲ್ಲ. ಈ ಕಥೆಗಳ ಹಿಂದೆ ಮನುಷ್ಯರಿದ್ದಾರೆ, ಬೇರೆ ಬೇರೆ ಥರದ ಮನುಷ್ಯರು. ಅವರನ್ನು ಹುಡುಕಬೇಕಾದರೆ ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಬೇಕು: ನಮ್ಮ ಕೈಗೆ ಸಿಕ್ಕಿರುವ ಹೆಚ್ಚು ಕಡಿಮೆ ಎಲ್ಲ ಕಥೆಗಳನ್ನೂ ಹೇಳಿದವರು ಬೆಟ್ಟದ ಕೆಳಗಿನ ಊರಿನವರು, ಗದ್ದೆ ಮಾಡಿಕೊಂಡಿದ್ದವರು. ಬೆಟ್ಟದಲ್ಲಿ ಇದ್ದವರು ತಾವೇ ಬಾಯಿಬಿಟ್ಟು ಹೇಳಿದ ಕಥೆ ತೀರಾ ಅಪರೂಪ.

ಹೆಸರುಗಳಿಂದ ಶುರು ಮಾಡೋಣ. ಜಪಾನೀ ಭಾಷೆಯಲ್ಲಿ ‘ಯಮ’ ಅಂದರೆ ಬೆಟ್ಟ. ನಮ್ಮ ಯಮಧರ್ಮನಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ, ಕನ್ನಡದವರು ಮೊದಲ ಸಲ ಕೇಳಿದಾಗ ಇಲ್ಲಿ ಗೊಂದಲ ಆಗುತ್ತದೆ, ಅದಕ್ಕೇ ಹೇಳಿದೆ. ಯಮಬಿತೊ ಅಂದರೆ ಬೆಟ್ಟದ ಜನ. ಯಮಒತೊಕೊ ಬೆಟ್ಟದ ಗಂಡಸು, ಯಮಒನ್ನ ಬೆಟ್ಟದ ಹೆಂಗಸು. ಯಮಉಬ ಅಥವಾ ಯಮಂಬ ಅಂದರೆ ಬೆಟ್ಟದ ಮುದುಕಿ. ಜಪಾನಿನ ನೆಲದಲ್ಲಿ ಹೆಚ್ಚು ಕಡಿಮೆ ಮುಕ್ಕಾಲು ಭಾಗ ಬೆಟ್ಟವೇ. ಜನ ಇರುವುದು, ಭತ್ತ ಬೆಳೆಯುವುದು ಉಳಿದ ಚೂರುಪಾರು ಬಯಲಿನಲ್ಲಿ. ಗದ್ದೆಯ ಬದುವಿನಲ್ಲಿ ನಿಂತು ತಲೆ ಎತ್ತಿದರೆ ಬೆಟ್ಟ, ಸಂಜೆ ಬೇಗ ಕತ್ತಲು ಇಳಿಯುವುದೂ ಅಲ್ಲಿಂದಲೇ. ಆ ಬೆಟ್ಟಕ್ಕೆ ಸೌದೆಗೆ, ಅಣಬೆಗೆ, ಕಾಡು ಹಣ್ಣಿಗೆ ಹೋಗದೆ ಬದುಕು ನಡೆಯುತ್ತಿರಲಿಲ್ಲ. ಹೋದವರಲ್ಲಿ ಕೆಲವರು ವಾಪಸ್ ಬರುತ್ತಿರಲಿಲ್ಲ.

ಈ ವಿಷಯ ಇಷ್ಟು ಪ್ರಸಿದ್ಧವಾಗಿದ್ದು ಒಂದು ಚಿಕ್ಕ ಪುಸ್ತಕದಿಂದ. 1908ರಲ್ಲಿ ಟೋಕಿಯೋದಲ್ಲಿ ಯನಾಗಿತಾ ಕುನಿಯೊ ಎಂಬ ಸರ್ಕಾರಿ ಅಧಿಕಾರಿಗೆ ಸಸಾಕಿ ಕಿಝೆನ್ ಎಂಬ ಹುಡುಗನ ಪರಿಚಯ ಆಯಿತು. ಸಸಾಕಿಗೆ ಆಗ ಇಪ್ಪತ್ತೆರಡು ವರ್ಷ, ದೊಡ್ಡ ಲೇಖಕ ಆಗಬೇಕು ಅಂತ ಬಂದಿದ್ದವನು. ಅವನ ಊರು ಈಶಾನ್ಯ ಜಪಾನಿನ ಇವಾತೆ ಪ್ರಾಂತ್ಯದ ತೋನೊ. ಸುತ್ತಲೂ ಬೆಟ್ಟ, ನಡುವೆ ಬಟ್ಟಲಿನ ಹಾಗೆ ಊರು, ಉತ್ತರಕ್ಕೆ ಹಯಾಚಿನೆ ಎಂಬ 1917 ಮೀಟರ್ ಎತ್ತರದ ಶಿಖರ. ಅಜ್ಜ ಅಜ್ಜಿಯರಿಂದ, ಅಕ್ಕಪಕ್ಕದವರಿಂದ ಕೇಳಿದ್ದನ್ನೆಲ್ಲ ಸಸಾಕಿ ರಾತ್ರಿ ಕೂತು ಹೇಳಿದ, ಯನಾಗಿತಾ ಬರೆದುಕೊಂಡರು. ಮರುವರ್ಷ ಅವರೇ ತೋನೊಗೆ ಹೋಗಿ ನೋಡಿ ಬಂದರು. 1910ರಲ್ಲಿ ‘ತೋನೊ ಮೊನೊಗತಾರಿ’, ಅಂದರೆ ತೋನೊ ಕಥೆಗಳು, ಅಚ್ಚಾಯಿತು. 119 ತುಣುಕುಗಳು. ಅಚ್ಚು ಹಾಕಿಸಿದ್ದು ಬರೀ 350 ಪ್ರತಿ. ಮುನ್ನುಡಿಯಲ್ಲಿ ಯನಾಗಿತಾ ಒಂದು ಆಸೆ ಹೇಳಿಕೊಳ್ಳುತ್ತಾರೆ: ಇದನ್ನು ಕೇಳಿ ಬಯಲಿನ ಜನ ನಡುಗಬೇಕು.

ಅದರಲ್ಲಿ ಮೂರನೇ ತುಣುಕು ನೋಡಿ. ಕಾಹೇ ಎಂಬ ಎಪ್ಪತ್ತು ದಾಟಿದ ಮುದುಕ, ಪುಸ್ತಕ ಬರೆಯುವ ಹೊತ್ತಿಗೆ ಬದುಕಿಯೇ ಇದ್ದವನು, ಹರೆಯದಲ್ಲಿ ಬೇಟೆಗೆ ಅಂತ ಒಳಕಾಡಿಗೆ ಹೋಗಿದ್ದನಂತೆ. ದೂರದ ಬಂಡೆಯ ಮೇಲೆ ಒಬ್ಬಳು ಚೆಲುವೆ ಕೂತು ಉದ್ದನೆಯ ಕಪ್ಪು ಕೂದಲು ಬಾಚಿಕೊಳ್ಳುತ್ತಿದ್ದಳು. ಮುಖ ಬೆಳ್ಳಗೆ. ಕಾಹೇ ಅಂಜುವ ಆಸಾಮಿ ಅಲ್ಲ, ತಕ್ಷಣ ಕೋವಿ ಎತ್ತಿ ಗುಂಡು ಹಾರಿಸಿದ. ಅವಳು ಬಿದ್ದಳು. ಓಡಿ ಹೋಗಿ ನೋಡಿದರೆ ತುಂಬಾ ಎತ್ತರದ ಹೆಂಗಸು, ಬಿಚ್ಚಿದ ಕೂದಲು ಅವಳ ಎತ್ತರಕ್ಕಿಂತಲೂ ಉದ್ದ. ನಾಳೆ ಸಾಕ್ಷಿಗೆ ಇರಲಿ ಅಂತ ಒಂದಿಷ್ಟು ಕೂದಲು ಕತ್ತರಿಸಿ, ಸುರುಳಿ ಸುತ್ತಿ, ಬಟ್ಟೆಯೊಳಗೆ ಎದೆಯ ಹತ್ತಿರ ಇಟ್ಟುಕೊಂಡು ಮನೆ ಕಡೆ ಹೊರಟ. ದಾರಿಯಲ್ಲಿ ತಡೆಯಲಾಗದಷ್ಟು ನಿದ್ದೆ ಬಂತು. ನೆರಳಿನಲ್ಲಿ ಒರಗಿದ. ಕನಸೋ ಎಚ್ಚರವೋ ಗೊತ್ತಾಗದ ಆ ಸ್ಥಿತಿಯಲ್ಲಿ ಒಬ್ಬ ಭಾರೀ ಎತ್ತರದ ಗಂಡಸು ಹತ್ತಿರ ಬಂದ, ಕಾಹೇಯ ಬಟ್ಟೆಯೊಳಗೆ ಕೈ ಹಾಕಿದ, ಕೂದಲಿನ ಸುರುಳಿ ತೆಗೆದುಕೊಂಡು ಹೊರಟು ಹೋದ. ಆಗ ಥಟ್ಟನೆ ಎಚ್ಚರ ಆಯಿತು. ಅವನು ಬೆಟ್ಟದ ಗಂಡಸೇ ಇರಬೇಕು ಅಂತ ಕಥೆ ಮುಗಿಯುತ್ತದೆ.

ಸಾಮಾನ್ಯವಾಗಿ ಇದನ್ನು ಓದಿದವರಿಗೆ ಆ ಎತ್ತರದ ಗಂಡಸಿನ ಬಗ್ಗೆ ಮೈ ಜುಮ್ ಅನ್ನುತ್ತದೆ. ನನಗೆ ಮೊದಲಿಂದಲೂ ಕಾಡುವುದು ಬೇರೆ. ಒಬ್ಬಳು ಹೆಂಗಸು ತನ್ನ ಪಾಡಿಗೆ ತಾನು ತಲೆ ಬಾಚಿಕೊಳ್ಳುತ್ತಿದ್ದಾಳೆ, ಇವನು ನೋಡಿದ ಕೂಡಲೇ ಗುಂಡು ಹಾರಿಸುತ್ತಾನೆ. ಯಾಕೆ ಹೊಡೆದೆ ಅಂತ ಕಥೆಯಲ್ಲಿ ಯಾರೂ ಕೇಳುವುದಿಲ್ಲ. ಆ ಗಂಡಸು ಬಂದು ಕೊಂದವನನ್ನು ಮುಟ್ಟುವುದಿಲ್ಲ, ಕೂದಲು ಮಾತ್ರ ವಾಪಸ್ ತೆಗೆದುಕೊಂಡು ಹೋಗುತ್ತಾನೆ. ನೂರಾರು ಸಲ ಓದಿದ್ದೇನೆ, ಆ ಜಾಗದಲ್ಲಿ ಇವತ್ತಿಗೂ ನಿಲ್ಲುತ್ತೇನೆ.

ಈಗ ನಿಮ್ಮ ‘ಬೇರೆ ಜನಾಂಗ’ದ ಪ್ರಶ್ನೆ. ಇದು ಅಂತರ್ಜಾಲದಲ್ಲಿ ಹುಟ್ಟಿದ ವಾದ ಅಲ್ಲ, ಯನಾಗಿತಾ ಅವರದ್ದೇ. ಅವರು ಹೇಳಿದ್ದು ಹೀಗೆ: ಈ ದ್ವೀಪಗಳಲ್ಲಿ ಮೊದಲು ಇದ್ದವರು ಬೇರೆ. ಭತ್ತ ಬೆಳೆಯುವವರು ಬಂದು ಬಯಲು ಹಿಡಿದರು. ಮೊದಲಿನವರಲ್ಲಿ ಕೆಲವರು ಇವರಲ್ಲೇ ಬೆರೆತರು, ಕೆಲವರು ಸತ್ತರು, ಉಳಿದವರು ಬೆಟ್ಟ ಹತ್ತಿದರು. ಅವರ ಮಕ್ಕಳು ಮೊಮ್ಮಕ್ಕಳೇ ಯಮಬಿತೊ. 1917ರಲ್ಲಿ ಒಂದು ಉಪನ್ಯಾಸದಲ್ಲಿ ಇದನ್ನೆಲ್ಲ ಒಟ್ಟಿಗೆ ಕಟ್ಟಿ ಹೇಳಿದರು. ಹಳೆಯ ಗ್ರಂಥಗಳಲ್ಲಿ ಇದಕ್ಕೆ ಹಿಡಿದುಕೊಳ್ಳುವಂಥ ಎಳೆಗಳೂ ಇವೆ. 720ರಲ್ಲಿ ಮುಗಿದ ‘ನಿಹೊನ್ ಶೋಕಿ’ ಎಂಬ ರಾಜವಂಶದ ಇತಿಹಾಸದಲ್ಲಿ ಮೊದಲ ಚಕ್ರವರ್ತಿ ದಂಡೆತ್ತಿ ಹೋಗುವಾಗ ‘ತ್ಸುಚಿಗುಮೊ’ ಅಂದರೆ ‘ಮಣ್ಣಿನ ಜೇಡ’ ಎಂಬ ಜನ ಎದುರಾಗುತ್ತಾರೆ. ಮೈ ಗಿಡ್ಡ, ಕೈಕಾಲು ಉದ್ದ ಅಂತ ವರ್ಣನೆ. ಬಳ್ಳಿಯ ಬಲೆ ಹೆಣೆದು ಅವರನ್ನು ಹಿಡಿದು ಕೊಂದರಂತೆ. ಯೋಶಿನೊ ಬೆಟ್ಟದಲ್ಲಿ ಬಂಡೆ ಸರಿಸಿಕೊಂಡು ಬಾಲ ಇರುವ ಮನುಷ್ಯ ಹೊರಗೆ ಬರುತ್ತಾನೆ, ಅವನು ‘ಕುಝು’ ಎಂಬ ಜನರ ಮೂಲಪುರುಷ. ಇನ್ನೊಂದು ಅಧ್ಯಾಯದಲ್ಲಿ ಇದೇ ಕುಝು ಜನ ಚಕ್ರವರ್ತಿಗೆ ಮದ್ಯ ತಂದು ಕೊಟ್ಟು ಹಾಡುತ್ತಾರೆ, ಇವರು ಬೆಟ್ಟದ ಹಣ್ಣು ತಿನ್ನುತ್ತಾರೆ, ಕಪ್ಪೆ ಬೇಯಿಸಿ ರುಚಿ ರುಚಿ ಅಂತ ತಿನ್ನುತ್ತಾರೆ ಅಂತ ಬರೆದಿದೆ.

ಬರೆದವರು ಯಾರು ಅಂತ ಗಮನಿಸಿದಿರಾ? ಗೆದ್ದವರು. ಸೋತವರಿಗೆ ಬಾಲ ಬಂತು, ಕಾಲು ಉದ್ದ ಆಯಿತು, ಜೇಡ ಅನ್ನುವ ಹೆಸರು ಬಂತು. ಅಷ್ಟರ ಮಟ್ಟಿಗೆ ಯನಾಗಿತಾ ಹಿಡಿದ ದಾರಿ ಸರಿಯಾಗಿಯೇ ಇತ್ತು. ಬೆಟ್ಟದಲ್ಲಿ ಇದ್ದ ಜನರನ್ನು ಬಯಲಿನ ರಾಜ್ಯ ಒಂದೊಂದಾಗಿ ತನ್ನೊಳಗೆ ಸೇರಿಸಿಕೊಂಡಿದ್ದು ನಿಜ. ಆದರೆ ಆ ಕಾಲದಿಂದ 1900ರವರೆಗೆ, ಸಾವಿರಕ್ಕೂ ಹೆಚ್ಚು ವರ್ಷ, ಒಂದು ಜನ ಗುಟ್ಟಾಗಿ ಹಾಗೇ ಉಳಿದುಬಂತು ಅನ್ನುವುದು ಬೇರೆ ಮಾತು. ಅದಕ್ಕೆ ಮೂಳೆ ಇಲ್ಲ, ಮನೆ ಇಲ್ಲ, ಮಡಕೆ ಇಲ್ಲ. ಇರುವುದು ಕಥೆ ಮಾತ್ರ.

ಇದನ್ನು ಆಗಲೇ ಮುಖಕ್ಕೆ ಹೊಡೆದ ಹಾಗೆ ಹೇಳಿದವರು ಮಿನಕಾತಾ ಕುಮಾಗುಸು. ವಕಾಯಾಮಾದ ತನಾಬೆ ಊರಿನಲ್ಲಿ ನೆಲೆಸಿದ್ದವರು, ಪಾಚಿ, ಅಣಬೆ, ಲೋಳೆ ಶಿಲೀಂಧ್ರ ಹುಡುಕಿಕೊಂಡು ಕುಮಾನೊ ಕಾಡುಗಳಲ್ಲಿ ವರ್ಷಗಟ್ಟಲೆ ಅಲೆದವರು. ಬೆಟ್ಟ ಅಂದರೆ ಅವರಿಗೆ ಪುಸ್ತಕದಲ್ಲಿ ಓದಿದ್ದಲ್ಲ. ಯನಾಗಿತಾ ಜೊತೆ ಅವರದ್ದು ದೊಡ್ಡ ಪತ್ರವ್ಯವಹಾರ. ನೀವು ಯಮಬಿತೊ ಅನ್ನುತ್ತಿರುವವರು ಬೆಟ್ಟದಲ್ಲಿ ಬದುಕುವ ಮಾಮೂಲಿ ಜನ, ಅಷ್ಟೇ, ಅಂತ ಅವರು ಬರೆದರು. ಅದಕ್ಕೆ ತಮ್ಮದೇ ಅನುಭವ ಕೊಟ್ಟರು: ಒಮ್ಮೆ ಮಾದರಿ ಸಂಗ್ರಹಿಸಲು ಹೋದಾಗ ಸೆಕೆ ತಡೆಯಲಾಗದೆ ಬಟ್ಟೆ ಕಳಚಿ, ಕೈಯಲ್ಲಿ ಬಲೆ ಸುತ್ತಿಗೆ ಹಿಡಿದುಕೊಂಡು, ಜೊತೆಗಾರನ ಜೊತೆ ಬೆಟ್ಟದಿಂದ ಓಡಿಕೊಂಡು ಕೆಳಗೆ ಇಳಿದರೆ ಹಳ್ಳಿಯ ಹೆಂಗಸರು ಇವರನ್ನು ನೋಡಿ ಚೀರಿಕೊಂಡು ಓಡಿಹೋದರು. ಆ ಹೆಂಗಸರ ಕಣ್ಣಿಗೆ ಆವತ್ತು ಕಂಡಿದ್ದು ಏನು, ಸಂಜೆ ಮನೆಯಲ್ಲಿ ಏನಂತ ಹೇಳಿರುತ್ತಾರೆ, ಯೋಚನೆ ಮಾಡಿ. ಆಮೇಲೆ ಯನಾಗಿತಾ ನಿಧಾನಕ್ಕೆ ಬೆಟ್ಟದ ಜನರ ವಿಷಯ ಬಿಟ್ಟು ಬಯಲಿನ ರೈತರ ಬದುಕಿನ ಕಡೆಗೆ ಹೊರಳಿದರು. ಜಪಾನಿನ ಜಾನಪದ ಅಧ್ಯಯನ ಕಟ್ಟಿದವರು ಅಂತ ಅವರಿಗೆ ಹೆಸರು ಬಂದಿದ್ದು ಆ ಕೆಲಸದಿಂದ.

ಹಾಗಾದರೆ ಬೆಟ್ಟದಲ್ಲಿ ನಿಜವಾಗಿ ಯಾರಿದ್ದರು? ಬೇಕಾದಷ್ಟು ಜನ ಇದ್ದರು.

ಮರದ ಬಟ್ಟಲು ಮಾಡುವ ‘ಕಿಜಿಯಾ’ಗಳು ಇದ್ದರು. ಒಬ್ಬರು ಹಗ್ಗ ಎಳೆದು ಮರದ ತುಂಡನ್ನು ಗರಗರ ತಿರುಗಿಸಬೇಕು, ಇನ್ನೊಬ್ಬರು ಅದಕ್ಕೆ ಉಳಿ ಹಿಡಿಯಬೇಕು, ಹೆಚ್ಚಾಗಿ ಗಂಡ ಹೆಂಡತಿ ಜೋಡಿ. ಒಂದು ಕಡೆ ಒಳ್ಳೆಯ ಮರ ಮುಗಿಯಿತು ಅಂದರೆ ಮುಂದಿನ ಬೆಟ್ಟಕ್ಕೆ ಹೊರಡುವುದು. ನಮಗೆ ಈ ಕೆಲಸ ಕಲಿಸಿದವನು ಒಂಬತ್ತನೇ ಶತಮಾನದ ಕೊರೆತಾಕಾ ಎಂಬ ರಾಜಕುಮಾರ, ಎಲ್ಲ ಬೆಟ್ಟಗಳಲ್ಲೂ ಮರ ಕಡಿಯುವ ಹಕ್ಕು ನಮಗಿದೆ ಅಂತ ಹಳೇ ಕಾಗದಪತ್ರ ತೋರಿಸುತ್ತಿದ್ದರು. ಹಳ್ಳಿಯವರಿಗೆ ಇವರು ಕಾಣುವುದು ಹೇಗೆ? ಎಲ್ಲೋ ಕಾಡಿನೊಳಗೆ ಹೊಗೆ ಏಳುತ್ತದೆ, ಮರ ಬೀಳುವ ಸದ್ದು ಬರುತ್ತದೆ, ಆಮೇಲೆ ಒಂದು ದಿನ ಹೋಗಿ ನೋಡಿದರೆ ಯಾರೂ ಇಲ್ಲ, ಮರದ ಹೊಟ್ಟು ಮಾತ್ರ ಬಿದ್ದಿರುತ್ತದೆ. ಊರಿನಲ್ಲಿ ಇವರ ಗುರುತಾಗಿ ಉಳಿಯುವುದು ಇವರು ಮಾಡಿದ ಸೂಪಿನ ಬಟ್ಟಲು ಮಾತ್ರ.

ಉತ್ತರದಲ್ಲಿ ‘ಮತಾಗಿ’ ಎಂಬ ಬೇಟೆಗಾರರು, ಅಕಿತಾ ಪ್ರಾಂತ್ಯದ ಅನಿ ಅವರಿಗೆ ಪ್ರಸಿದ್ಧ ಜಾಗ. ಕರಡಿ ಬೇಟೆ. ಬೆಟ್ಟಕ್ಕೆ ಕಾಲಿಟ್ಟ ಮೇಲೆ ಊರಿನ ಮಾತು ಆಡುವ ಹಾಗಿಲ್ಲ, ಅಲ್ಲಿಗೇ ಬೇರೆ ಪದಗಳು. ನಾಯಿಗೆ ‘ಸೆತಾ’, ನೀರಿಗೆ ‘ವಕ್ಕಾ’. ಇವೆರಡೂ ಉತ್ತರದ ಐನು ಜನರ ಭಾಷೆಯ ಪದಗಳೇ! ಇದನ್ನು ನೋಡಿ ಇವರೇ ಹಳೇ ಜನಾಂಗದ ಉಳಿಕೆ ಅಂತ ಕೆಲವರು ಹಾರಿಬಿಡುತ್ತಾರೆ. ಪದ ಹಂಚಿಕೊಳ್ಳುವುದಕ್ಕೆ ಒಟ್ಟಿಗೆ ಬೇಟೆಯಾಡಿದ್ದರೆ ಸಾಕು, ರಕ್ತಸಂಬಂಧ ಬೇಕಾಗಿಲ್ಲ. ಅವರ ಬೆಟ್ಟದ ದೇವರು ಹೆಣ್ಣು. ತನ್ನ ಮುಖ ಚೆನ್ನಾಗಿಲ್ಲ ಅಂತ ಅವಳಿಗೆ ಬೇಜಾರು, ಅದಕ್ಕೆ ಅವಳಿಗಿಂತ ವಿಕಾರವಾದ ‘ಒಕೋಝೆ’ ಎಂಬ ಸಮುದ್ರದ ಮೀನನ್ನು ಒಣಗಿಸಿ, ಕಾಗದದಲ್ಲಿ ಸುತ್ತಿ ಇಟ್ಟುಕೊಂಡು ಹೋಗುತ್ತಿದ್ದರು. ಅದನ್ನು ನೋಡಿದರೆ ಅವಳಿಗೆ ಖುಷಿ ಆಗಿ ಬೇಟೆ ಸಿಗುತ್ತದೆ ಅಂತ ನಂಬಿಕೆ.

ಇನ್ನು ‘ಸಂಕಾ’ ಎಂಬ ಅಲೆಮಾರಿಗಳು. ಹೊಳೆ ದಂಡೆಯಲ್ಲಿ ಗುಡಾರ ಹಾಕಿಕೊಂಡು, ಬಿದಿರಿನಲ್ಲಿ ಮೊರ ಹೆಣೆದು, ಹಳ್ಳಿ ಮನೆಗಳಲ್ಲಿ ಹರಿದ ಮೊರ ರಿಪೇರಿ ಮಾಡಿಕೊಟ್ಟು, ಮೀನು ಹಿಡಿದು ಬದುಕುತ್ತಿದ್ದವರು. ಸರ್ಕಾರದ ಕುಟುಂಬ ನೋಂದಣಿ ಪಟ್ಟಿಯಲ್ಲಿ ಹೆಸರಿಲ್ಲ ಅಂತ ಪೊಲೀಸರಿಗೆ ಇವರ ಮೇಲೆ ಸದಾ ಅನುಮಾನ. 1930ರ ದಶಕದಲ್ಲಿ ಇವರ ಬಗ್ಗೆ ರೋಚಕ ಕಾದಂಬರಿಗಳು ಬಂದವು: ಗುಪ್ತ ಲಿಪಿ, ಗುಪ್ತ ಕಾನೂನು, ಗುಪ್ತ ನಾಯಕರು ಅಂತೆಲ್ಲ. ಆಮೇಲೆ ಪರಿಶೀಲಿಸಿದವರಿಗೆ ಅದರಲ್ಲಿ ಬಹಳಷ್ಟು ಕಲ್ಪನೆ ಅಂತ ಗೊತ್ತಾಯಿತು. ಆದರೆ ಇವತ್ತಿಗೂ ಅಂತರ್ಜಾಲದಲ್ಲಿ ‘ಜಪಾನಿನ ನಿಗೂಢ ಬೆಟ್ಟದ ಜನ’ ಅಂತ ಹರಿದಾಡುವ ವಿಷಯಗಳಲ್ಲಿ ಹೆಚ್ಚಿನವು ಇಲ್ಲಿಂದ ಬಂದವೇ. ನೀವು ಓದಿದ್ದರಲ್ಲೂ ಇದು ಸೇರಿರಬಹುದು. ಬಡವರಾಗಿ ಮೊರ ಹೆಣೆಯುತ್ತಿದ್ದವರ ಮೇಲೆ ಇಷ್ಟೊಂದು ಗುಟ್ಟು ಹೇರಿದ್ದು ನನಗೆ ಸರಿ ಕಾಣುವುದಿಲ್ಲ.

ಇವರೆಲ್ಲ ಕೆಲಸಕ್ಕೆ ಬೆಟ್ಟದಲ್ಲಿ ಇದ್ದವರು. ಇವರನ್ನು ಬಿಟ್ಟು ಇನ್ನೊಂದು ಗುಂಪಿದೆ, ಅದರ ಬಗ್ಗೆ ಬರೆಯಲು ನನಗೆ ಜಾಸ್ತಿ ಸಮಯ ಬೇಕು. ಊರಿನಿಂದ ಬೆಟ್ಟಕ್ಕೆ ಹೋಗಿಬಿಟ್ಟವರು.

ತೋನೊ ಕಥೆಗಳಲ್ಲಿ ಏಳನೆಯದು. ಕಮಿಗೋ ಹಳ್ಳಿಯ ಒಬ್ಬ ಹುಡುಗಿ ಚೆಸ್ಟ್‌ನಟ್ ಆರಿಸಲು ಬೆಟ್ಟಕ್ಕೆ ಹೋದವಳು ಬರಲೇ ಇಲ್ಲ. ಸತ್ತಳು ಅಂದುಕೊಂಡ ಮನೆಯವರು ಅವಳು ತಲೆಗೆ ಇಟ್ಟುಕೊಳ್ಳುತ್ತಿದ್ದ ದಿಂಬನ್ನೇ ಹೆಣದ ಜಾಗದಲ್ಲಿ ಇಟ್ಟು ಅಂತ್ಯಕ್ರಿಯೆ ಮುಗಿಸಿದರು. ಎರಡು ಮೂರು ವರ್ಷ ಆಯಿತು. ಅದೇ ಹಳ್ಳಿಯ ಬೇಟೆಗಾರನೊಬ್ಬ ಗೊಯೋ ಎಂಬ ಬೆಟ್ಟದ ಮಗ್ಗುಲಲ್ಲಿ, ದೊಡ್ಡ ಬಂಡೆ ಚಾಚಿಕೊಂಡು ಗುಹೆಯ ಹಾಗಿದ್ದ ಜಾಗದಲ್ಲಿ, ಅವಳನ್ನು ಕಂಡ. ಇಬ್ಬರಿಗೂ ಗಾಬರಿ. ಇಲ್ಲೇನು ಮಾಡುತ್ತಿದ್ದೀಯ ಅಂತ ಕೇಳಿದರೆ, ಭಯಂಕರ ಮನುಷ್ಯನೊಬ್ಬ ಹೊತ್ತುಕೊಂಡು ಬಂದ, ತಪ್ಪಿಸಿಕೊಳ್ಳಲು ಸ್ವಲ್ಪವೂ ಆಸ್ಪದ ಸಿಗಲಿಲ್ಲ ಅಂದಳು. ಅವನು ಹೇಗಿದ್ದಾನೆ? ನನ್ನ ಕಣ್ಣಿಗೆ ಎಲ್ಲರ ಹಾಗೇ ಇದ್ದಾನೆ, ಎತ್ತರ ಜಾಸ್ತಿ, ಕಣ್ಣಿನ ಬಣ್ಣ ಮಾತ್ರ ಸ್ವಲ್ಪ ಹೆದರಿಕೆ ಹುಟ್ಟಿಸುತ್ತದೆ. ಮಕ್ಕಳು ಹುಟ್ಟಿದವು, ನನ್ನ ಹಾಗಿಲ್ಲ, ಇವು ನನ್ನವಲ್ಲ ಅಂತ ಎತ್ತಿಕೊಂಡು ಹೋಗುತ್ತಾನೆ, ತಿನ್ನುತ್ತಾನೋ ಕೊಲ್ಲುತ್ತಾನೋ. ಅವನ ಥರದವರೇ ನಾಲ್ಕೈದು ಜನ ಆಗಾಗ ಸೇರುತ್ತಾರೆ, ಏನೋ ಮಾತಾಡಿಕೊಂಡು ಎಲ್ಲಿಗೋ ಹೋಗುತ್ತಾರೆ. ಊಟದ ಸಾಮಾನು ಹೊರಗಿಂದ ತರುತ್ತಾರೆ, ಪೇಟೆಗೂ ಹೋಗುತ್ತಾರೆ ಅನಿಸುತ್ತದೆ. ಈಗಲೂ ಬಂದುಬಿಡಬಹುದು. ಅವಳು ಇಷ್ಟು ಹೇಳುವಷ್ಟರಲ್ಲಿ ಬೇಟೆಗಾರನಿಗೂ ಹೆದರಿಕೆ ಆಯಿತು. ವಾಪಸ್ ಬಂದುಬಿಟ್ಟ.

ಕೊನೆಯ ಸಾಲು ಗಮನಿಸಿ. ಅವನು ವಾಪಸ್ ಬಂದ. ಅವಳನ್ನು ಕರೆದುಕೊಂಡು ಬರಲಿಲ್ಲ.

ಆರನೆಯ ಕಥೆಯೂ ಇದೇ ಥರ. ಕಳೆದುಹೋಗಿದ್ದ ಸಾಹುಕಾರರ ಮಗಳು ಕಾಡಿನಲ್ಲಿ ಬೇಟೆಗಾರನಿಗೆ ಎದುರಾಗುತ್ತಾಳೆ. ಅವನು ಹೊಡೆಯಲು ಹೊರಟಾಗ ‘ಮಾವಾ, ಹೊಡೀಬೇಡಿ’ ಅನ್ನುತ್ತಾಳೆ. ನಾನು ಇಲ್ಲೇ ಬದುಕು ಮುಗಿಸುತ್ತೇನೆ, ಯಾರಿಗೂ ಹೇಳಬೇಡಿ, ನೀವೂ ಬೇಗ ಹೋಗಿ ಅನ್ನುತ್ತಾಳೆ. ಅವನೂ ಜಾಗ ಯಾವುದು ಅಂತ ಕೂಡ ನೋಡಿಕೊಳ್ಳದೆ ಓಡಿ ಬರುತ್ತಾನೆ.

ಇಲ್ಲಿ ಕಣ್ಣಿನ ಬಣ್ಣ, ಎತ್ತರ, ಮಕ್ಕಳನ್ನು ತಿನ್ನುವುದು ಇವನ್ನೆಲ್ಲ ಪಕ್ಕಕ್ಕೆ ಇಟ್ಟು ನೋಡಿ. ಉಳಿಯುವುದು ಏನು? ಒಬ್ಬಳನ್ನು ಯಾರೋ ಹೊತ್ತುಕೊಂಡು ಹೋದರು ಅಥವಾ ಅವಳೇ ಮನೆ ಬಿಟ್ಟು ಹೋದಳು. ಅವಳು ಇದ್ದಾಳೆ ಅಂತ ಊರಿನಲ್ಲಿ ಯಾರಿಗೋ ಗೊತ್ತು. ಆದರೂ ಕರೆತರಲಿಲ್ಲ. ಬೆಟ್ಟದ ಗಂಡಸು ಅನ್ನುವ ಕಥೆ ಊರಿನವರಿಗೆ ಉಪಯೋಗಕ್ಕೆ ಬರುವುದು ಇಂಥ ಕಡೆ ಅಂತ ನನ್ನ ಅಭಿಪ್ರಾಯ. ಅವನು ಮನುಷ್ಯನೇ ಅಲ್ಲ ಅಂದಮೇಲೆ ಹೋಗಿ ಬಿಡಿಸಿಕೊಂಡು ಬರಲಿಲ್ಲ ಅಂತ ಯಾರನ್ನೂ ಕೇಳುವ ಹಾಗಿಲ್ಲ.

ಎಂಟನೆಯದು ಸಮುತೊ ಅಜ್ಜಿಯ ಕಥೆ, ತುಂಬಾ ಹೆಸರಾದದ್ದು. ಚಿಕ್ಕ ಹುಡುಗಿ ಪೇರ್ ಮರದ ಕೆಳಗೆ ಚಪ್ಪಲಿ ಬಿಟ್ಟು ಮಾಯವಾದಳು. ಮೂವತ್ತಕ್ಕೂ ಹೆಚ್ಚು ವರ್ಷ ಆದಮೇಲೆ ಒಂದು ದಿನ ನೆಂಟರೆಲ್ಲ ಮನೆಯಲ್ಲಿ ಸೇರಿದ್ದಾಗ ತೀರಾ ಹಣ್ಣು ಮುದುಕಿಯಾಗಿ ಬಾಗಿಲಿಗೆ ಬಂದಳು. ಯಾಕೆ ಬಂದೆ ಅಂತ ಕೇಳಿದರು. ಎಲ್ಲರನ್ನೂ ನೋಡಬೇಕು ಅನಿಸಿತು, ಬಂದೆ, ಇನ್ನು ಹೊರಡುತ್ತೇನೆ ಅಂದಳು, ಹೋದಳು. ಅವತ್ತು ಗಾಳಿ ಜೋರಾಗಿತ್ತು. ಅದಕ್ಕೇ ತೋನೊದಲ್ಲಿ ಗಾಳಿ ಬೀಸುವ ದಿನ ‘ಇವತ್ತು ಸಮುತೊ ಅಜ್ಜಿ ಬರುವಂಥ ದಿನ’ ಅನ್ನುತ್ತಾರೆ. ಸಸಾಕಿ ಆಮೇಲೆ ತಾನೇ ಬರೆದ ರೂಪ ಇನ್ನೂ ಕಠಿಣ. ಅದರಲ್ಲಿ ಅವಳು ವರ್ಷ ವರ್ಷ ಬರುತ್ತಾಳೆ, ಬಂದಾಗಲೆಲ್ಲ ಬಿರುಗಾಳಿ ಬರುತ್ತದೆ, ಬೆಳೆ ಹಾಳಾಗುತ್ತದೆ ಅಂತ ಊರಿನವರು ಮಂತ್ರ ಮಾಡಿಸಿ, ಗಡಿಯಲ್ಲಿ ಕಲ್ಲು ನಿಲ್ಲಿಸಿ, ಬರದ ಹಾಗೆ ತಡೆದುಬಿಡುತ್ತಾರೆ.

ಹೀಗೆ ಕಾಣೆಯಾಗುವುದಕ್ಕೆ ಜಪಾನಿನಲ್ಲಿ ‘ಕಮಿಕಕುಶಿ’ ಅನ್ನುತ್ತಾರೆ, ದೇವರು ಬಚ್ಚಿಟ್ಟಿದ್ದು ಅಂತ ಅರ್ಥ. ಮಗು ಕಾಣದಿದ್ದರೆ ಊರಿನವರೆಲ್ಲ ಡೋಲು, ಜಾಗಟೆ ಬಡಿದುಕೊಂಡು, ವಾಪಸ್ ಕೊಡು ವಾಪಸ್ ಕೊಡು ಅಂತ ಕೂಗುತ್ತಾ ರಾತ್ರಿಯೆಲ್ಲ ಬೆಟ್ಟ ಸುತ್ತುತ್ತಿದ್ದರು. ಯನಾಗಿತಾ ಚಿಕ್ಕವರಿದ್ದಾಗ ಕೋಬೆಯಲ್ಲಿ ನನಗೆ ಚಿಕ್ಕಮ್ಮ ಇದ್ದಾಳಾ ಅಂತ ಅಮ್ಮನನ್ನು ಕೇಳಿ, ಹಾಗೇ ಎದ್ದು ನಡೆದುಬಿಟ್ಟಿದ್ದರಂತೆ. ಪುಣ್ಯಕ್ಕೆ ಗೊತ್ತಿದ್ದವರು ನೋಡಿ ಕರೆತಂದರು. ಬೆಟ್ಟದ ಬದುಕಿನ ಬಗ್ಗೆ ಅವರು 1926ರಲ್ಲಿ ತಂದ ಪುಸ್ತಕದಲ್ಲಿ ಇದನ್ನು ಬರೆದಿದ್ದಾರೆ. ಆ ಪುಸ್ತಕ ಶುರುವಾಗುವುದು ಯಾವ ಭೂತದಿಂದಲೂ ಅಲ್ಲ. ಮಿನೊ ಬೆಟ್ಟದಲ್ಲಿ ಇದ್ದಿಲು ಸುಡುತ್ತಿದ್ದ ಒಬ್ಬ ಬಡವನಿಂದ. ಹೆಂಡತಿ ಸತ್ತಿದ್ದಾಳೆ, ಮನೆಯಲ್ಲಿ ಹುಡುಗ ಒಬ್ಬ, ಸಾಕಿಕೊಂಡ ಹುಡುಗಿ ಒಬ್ಬಳು. ಊರಿಗೆ ಹೋದರೂ ಇದ್ದಿಲು ಮಾರಾಟ ಆಗದೆ ಒಂದು ಹಿಡಿ ಅಕ್ಕಿಯೂ ಸಿಗುತ್ತಿರಲಿಲ್ಲ. ಖಾಲಿ ಕೈಯಲ್ಲಿ ಬಂದು ಮಕ್ಕಳ ಮುಖ ನೋಡಲಾಗದೆ ಮಲಗಿಬಿಟ್ಟ. ಎಚ್ಚರವಾದಾಗ ಬಾಗಿಲ ತುಂಬಾ ಸಂಜೆ ಬಿಸಿಲು. ಮಕ್ಕಳಿಬ್ಬರೂ ಆ ಬಿಸಿಲಿನಲ್ಲಿ ಕೂತು ಕೊಡಲಿ ಮಸೆಯುತ್ತಿದ್ದರು. ಅಪ್ಪಾ, ಇದರಿಂದ ನಮ್ಮನ್ನು ಕೊಂದುಬಿಡು ಅಂತ ಮರದ ದಿಮ್ಮಿಯ ಮೇಲೆ ತಲೆ ಇಟ್ಟು ಮಲಗಿದರು. ಅವನು ಕೊಂದ. ತಾನು ಸಾಯಲಾಗದೆ ಜೈಲಿಗೆ ಹೋದ. ಬೆಟ್ಟದಲ್ಲಿ ಇರುವವರು ಹೇಗಿದ್ದರು ಅಂತ ಕೇಳಿದರೆ ಯನಾಗಿತಾ ಮೊದಲು ತೋರಿಸಿದ್ದು ಇದನ್ನು.

ತೋನೊದಲ್ಲೇ ‘ದೆಂದೆರಾನೊ’ ಎಂಬ ಗುಡ್ಡವಿದೆ. ಅರವತ್ತು ದಾಟಿದವರನ್ನು ಅಲ್ಲಿಗೆ ಕಳಿಸುತ್ತಿದ್ದರು ಅಂತ 111ನೇ ಕಥೆ ಹೇಳುತ್ತದೆ. ಮುದುಕರು ಸುಮ್ಮನೆ ಸಾಯಲು ಆಗುತ್ತಾ? ಹಗಲು ಕೆಳಗೆ ಇಳಿದು ಹೊಲದಲ್ಲಿ ಕೆಲಸ ಮಾಡಿ, ಸಂಜೆ ಮತ್ತೆ ಗುಡ್ಡಕ್ಕೆ ಹೋಗುತ್ತಿದ್ದರಂತೆ. ಊರಿನ ಹತ್ತಿರದ ಇನ್ನೊಂದು ಕಾಡಿನಲ್ಲಿ ಪಾಚಿ ಹಿಡಿದ ಬಂಡೆಗಳ ಮೇಲೆ ನೂರಾರು ಮುಖಗಳಿವೆ. ಹದಿನೆಂಟನೇ ಶತಮಾನದ ಬರಗಾಲದಲ್ಲಿ ಸತ್ತವರಿಗಾಗಿ ಒಬ್ಬ ಬೌದ್ಧ ಸನ್ಯಾಸಿ ಕೆತ್ತಿದ್ದು. ನಾನು ಹೋದಾಗ ಎಲೆ ಸರಿಸಿ ಸರಿಸಿ ನೋಡಬೇಕಾಯಿತು, ಒಂದು ಮುಖ ಸಿಕ್ಕಿದರೆ ಪಕ್ಕದಲ್ಲಿ ಇನ್ನೊಂದು. ಹಸಿವಿನ ಕಾಲದಲ್ಲಿ ಗುಡ್ಡದ ಮೇಲೆ ಹರಿದ ಬಟ್ಟೆಯ, ಕೆದರಿದ ಬಿಳಿ ಕೂದಲಿನ ಮುದುಕಿಯೊಬ್ಬಳು ಕಂಡರೆ ಅವಳು ಎಲ್ಲಿಂದ ಬಂದವಳು ಅಂತ ಊರಿನವರಿಗೆ ಗೊತ್ತಿರುತ್ತಿರಲಿಲ್ಲವೇ?

ಈಗ ನೀವು ಕೇಳಿದ ‘ಮನುಷ್ಯರನ್ನು ತಿನ್ನುವ ಮುದುಕಿ’ಗೆ ಬಂದೆವು. ಯಮಂಬ ಕಥೆಗಳು ಜಪಾನಿನ ಉದ್ದಗಲಕ್ಕೂ ಇವೆ. ಒಂದು ಎಲ್ಲರಿಗೂ ಗೊತ್ತಿರುವುದು: ಒಬ್ಬ ಜಿಪುಣ, ಊಟ ಮಾಡದ ಹೆಂಡತಿ ಸಿಕ್ಕಿದರೆ ಮದುವೆ ಆಗುತ್ತೇನೆ ಅಂತಿದ್ದ. ಸಿಕ್ಕಿದಳು. ಕೆಲಸ ಚೆನ್ನಾಗಿ ಮಾಡುತ್ತಾಳೆ, ತುತ್ತು ಅನ್ನ ಮುಟ್ಟುವುದಿಲ್ಲ, ಆದರೂ ಅಕ್ಕಿ ಕಡಿಮೆ ಆಗುತ್ತಿದೆ. ಅವನು ಅಟ್ಟದಲ್ಲಿ ಬಚ್ಚಿಟ್ಟುಕೊಂಡು ನೋಡುತ್ತಾನೆ. ಅವಳು ದೊಡ್ಡ ಪಾತ್ರೆಯಲ್ಲಿ ಅನ್ನ ಮಾಡಿ, ಉಂಡೆ ಕಟ್ಟಿ ಸಾಲಾಗಿ ಇಟ್ಟು, ಕೂದಲು ಬಿಚ್ಚುತ್ತಾಳೆ. ನೆತ್ತಿಯ ಮೇಲೆ ಇನ್ನೊಂದು ಬಾಯಿ! ಉಂಡೆಗಳನ್ನು ಒಂದೊಂದಾಗಿ ಅದರೊಳಗೆ ಎಸೆಯುತ್ತಾಳೆ. ಗುಟ್ಟು ಬಯಲಾದ ಮೇಲೆ ಅವನನ್ನು ತೊಟ್ಟಿಯಲ್ಲಿ ಹಾಕಿಕೊಂಡು ಬೆಟ್ಟಕ್ಕೆ ಓಡುತ್ತಾಳೆ, ಅವನು ಬಜೆ ಜಾತಿಯ ‘ಶೋಬು’ ಎಲೆಗಳ ಪೊದೆಗೆ ಹಾರಿ ಬದುಕಿಕೊಳ್ಳುತ್ತಾನೆ. ಮೇ 5ರ ಹಬ್ಬಕ್ಕೆ ಸೂರಿನಲ್ಲಿ ಆ ಎಲೆ ಸಿಕ್ಕಿಸುವುದಕ್ಕೆ ಇದೇ ಕಾರಣ ಅನ್ನುತ್ತಾರೆ. ದುಡಿಯಬೇಕು, ತಿನ್ನಬಾರದು ಅಂತ ಹೆಂಡತಿಯನ್ನು ಹುಡುಕಿದವನ ಮನೆಗೆ ಬೆಟ್ಟದಿಂದ ಹಸಿವೇ ಇಳಿದು ಬಂದ ಹಾಗಿದೆ, ಅಲ್ವಾ?

ಇದೇ ಯಮಂಬ ಇನ್ನೊಂದು ಕಡೆ ತಾಯಿ. ಅಶಿಗಾರಾ ಬೆಟ್ಟದ ಕಿಂತಾರೋ, ಕೆಂಪು ಮೈಯ, ಕೈಯಲ್ಲಿ ಕೊಡಲಿ ಹಿಡಿದ, ಕರಡಿಯ ಜೊತೆ ಕುಸ್ತಿ ಆಡುವ ಗುಂಡು ಗುಂಡಾದ ಹುಡುಗ, ಅವಳ ಮಗ. ಅದೇ ಮೇ ಹಬ್ಬಕ್ಕೆ ಗಂಡುಮಕ್ಕಳ ಮನೆಯಲ್ಲಿ ಅವನ ಬೊಂಬೆ ಇಡುತ್ತಾರೆ. ಉತಾಮಾರೊ ಬಿಡಿಸಿದ ಮರದಚ್ಚಿನ ಚಿತ್ರಗಳಲ್ಲಿ ಅವಳು ಕೆದರಿದ ಕೂದಲಿನ, ಮಗುವಿಗೆ ಹಾಲೂಡಿಸುವ ಎಳೆ ಹೆಂಗಸು.

ಯೇತಿ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 1970ರಲ್ಲಿ ಹಿರೊಶಿಮಾ ಪ್ರಾಂತ್ಯದ ಹಿಬಾ ಬೆಟ್ಟದ ಹತ್ತಿರ ವಾನರ ಥರದ್ದು ಕಂಡಿತು ಅಂತ ದೊಡ್ಡ ಗದ್ದಲ ಆಯಿತು, ‘ಹಿಬಾಗೊನ್’ ಅಂತ ಹೆಸರಿಟ್ಟರು, ಪಟ್ಟಣದ ಆಡಳಿತ ಅದಕ್ಕಾಗಿಯೇ ಒಂದು ವಿಭಾಗ ತೆರೆಯಿತು. ಪ್ರಾಣಿ ಸಿಗಲಿಲ್ಲ. ಇದು ಸುದ್ದಿಪತ್ರಿಕೆ ಕಾಲದ ವಿಷಯ, ಹಳೇ ಬೆಟ್ಟದ ಜನರಿಗೆ ಜೋಡಿಸಬೇಡಿ. ಹಳೆಯದು ಬೇಕಾದರೆ ಎಚಿಗೊ ಪ್ರದೇಶದ ಹಿಮದ ಬದುಕಿನ ಬಗ್ಗೆ ಸುಝುಕಿ ಬೊಕುಶಿ ಎಂಬ ವ್ಯಾಪಾರಿ ಹತ್ತೊಂಬತ್ತನೇ ಶತಮಾನದಲ್ಲಿ ಬರೆದದ್ದು ಇದೆ. ಬಟ್ಟೆಯ ಹೊರೆ ಹೊತ್ತು ಬೆಟ್ಟ ದಾಟುತ್ತಿದ್ದ ಕೂಲಿಯವನು ಬುತ್ತಿ ಬಿಚ್ಚಿದಾಗ, ಮನುಷ್ಯನಿಗಿಂತ ದೊಡ್ಡದಾದ, ಬೆನ್ನ ತನಕ ಕೂದಲು ಇಳಿಬಿಟ್ಟ ಒಂದು ಪ್ರಾಣಿ ಬಂದು ಕೈಯೊಡ್ಡಿತಂತೆ. ಅನ್ನದ ಉಂಡೆ ಕೊಟ್ಟ. ತಿಂದು, ಅವನ ಹೊರೆ ತಾನು ಹೊತ್ತುಕೊಂಡು ಮುಂದೆ ಮುಂದೆ ನಡೆಯಿತು, ಊರು ಹತ್ತಿರ ಬಂದಾಗ ಇಳಿಸಿ ಹೋಯಿತು. ಒಂದೇ ಒಂದು ಗುಂಡಿಲ್ಲ, ಕೂಗಿಲ್ಲ. ಕೊಟ್ಟಿದ್ದಕ್ಕೆ ಹೊತ್ತುಕೊಟ್ಟಿತು.

ಬೆಟ್ಟದವರು ತಾವೇ ಬಾಯಿಬಿಟ್ಟ ಕಥೆ ಅಪರೂ‍ಪ ಅಂದೆನಲ್ಲ. ಬಯಲಿನವರೇ ಬರೆದದ್ದಾದರೂ ಒಂದು ಕಡೆ ಆ ದನಿ ಕೇಳುತ್ತದೆ. ‘ಯಮಂಬ’ ಎಂಬ ನೋಹ್ ನಾಟಕ, ನೋಹ್ ಅಂದರೆ ಮುಖವಾಡ ಹಾಕಿ ಹಾಡಿ ಕುಣಿಯುವ ಜಪಾನಿನ ಹಳೇ ನಾಟಕ. ಝೆಯಾಮಿ ಎಂಬ ಹಳೇ ನಾಟಕಕಾರ ಬರೆದದ್ದು ಅನ್ನುತ್ತಾರೆ. ರಾಜಧಾನಿಯಲ್ಲಿ ಒಬ್ಬ ನರ್ತಕಿ ಇದ್ದಾಳೆ. ಬೆಟ್ಟದ ಮುದುಕಿ ಬೆಟ್ಟ ಬೆಟ್ಟ ಸುತ್ತುವುದನ್ನು ಹಾಡಿ ಕುಣಿದು ಎಷ್ಟು ಹೆಸರು ಮಾಡಿದ್ದಾಳೆ ಅಂದರೆ ಜನ ಅವಳನ್ನೇ ‘ಹ್ಯಾಕುಮಾ ಯಮಂಬ’ ಅಂತ ಕರೆಯುತ್ತಾರೆ. ಅವಳು ಝೆಂಕೋಜಿ ದೇವಸ್ಥಾನಕ್ಕೆ ಯಾತ್ರೆ ಹೊರಟು, ಅಗೆರೊ ಕಣಿವೆ ದಾರಿಯಲ್ಲಿ ಬೆಟ್ಟ ಹತ್ತುವಾಗ ಇದ್ದಕ್ಕಿದ್ದಂತೆ ಹೊತ್ತು ಮುಳುಗುತ್ತದೆ. ಒಬ್ಬಳು ಹೆಂಗಸು ಬಂದು ರಾತ್ರಿ ನಮ್ಮ ಮನೆಯಲ್ಲಿ ಇರಿ ಅನ್ನುತ್ತಾಳೆ. ಆಮೇಲೆ ಒಂದು ಹಾಡು ಕೇಳುತ್ತಾಳೆ, ಯಮಂಬ ಹಾಡೇ ಬೇಕು. ನಿಮಗೆ ಹೇಗೆ ಗೊತ್ತು ಅಂತ ಇವರು ಬೆರಗಾದರೆ ಅವಳು ಹೇಳುತ್ತಾಳೆ: ನನ್ನ ಹೆಸರು ಹಾಡಿಯೇ ಇಷ್ಟು ಕೀರ್ತಿ ಪಡೆದೆ, ಒಂದು ದಿನವಾದರೂ ನನ್ನನ್ನು ನೆನೆದೆಯಾ?

ರಾತ್ರಿ ಚಂದ್ರನ ಬೆಳಕಿನಲ್ಲಿ ಅವಳು ನಿಜರೂಪದಲ್ಲಿ ಬರುತ್ತಾಳೆ. ಬಿಳಿ ಕೂದಲು. ತಾನೇನು ಮಾಡುತ್ತೇನೆ ಅಂತ ಹೇಳಿಕೊಳ್ಳುತ್ತಾಳೆ. ಸೌದೆ ಹೊತ್ತವನು ದಾರಿಯಲ್ಲಿ ಹೂವಿನ ಮರದ ನೆರಳಿಗೆ ಕೂತರೆ ಅವನ ಹೊರೆಗೆ ಹೆಗಲು ಕೊಟ್ಟು, ಚಂದ್ರನ ಜೊತೆ ಬೆಟ್ಟ ಇಳಿದು ಊರ ತನಕ ಬಿಟ್ಟು ಬರುತ್ತಾಳೆ. ಮಗ್ಗದ ಮುಂದೆ ಕೂತ ಹುಡುಗಿಯ ಕಿಟಕಿಯಿಂದ ಒಳಗೆ ಹೋಗಿ ನೂಲಿನ ಕೆಲಸಕ್ಕೆ ಕೈ ಹಾಕುತ್ತಾಳೆ. ಜನ ಮಾತ್ರ ಯಾವುದೋ ಕಣ್ಣಿಗೆ ಕಾಣದ ರಾಕ್ಷಸಿಯ ಕೆಲಸ ಅನ್ನುತ್ತಾರೆ ಅನ್ನುತ್ತಾಳೆ. ಆಮೇಲೆ ಕುಣಿಯುತ್ತಾ ಒಂದು ಬೆಟ್ಟದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟುತ್ತಾ ಕಾಣದೆ ಹೋಗುತ್ತಾಳೆ.